ಐದು ಸಾವಿರದ ಪಾವತಿ

“ಫ್ಯಾನ್ ಕೊಡಸ್ತೀನ್ರಿ ಅಕ್ಕಾರ. ಮೂರೂ ರೆಕ್ಕಿ ಮ್ಯಾಲ ನಮ್ಮ ತಂದಿಯವರ ಹೆಸರು ಬರಸ್ತೀನಿ. ಆದ್ರ ಬಾಡಿಗಿ ಮಾತ್ರ ಕೇಳಬ್ಯಾಡ್ರಿ.”

ಹಳೇ ಬಾಗಲಕೋಟೆಯ ಪೇಟೆಯಲ್ಲಿ ಪಾತ್ರೆ ಅಂಗಡಿಯವರೊಬ್ಬರು ಹೀಗಂದಾಗ ನಾವು ಐದು ಜನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೋದ ವರ್ಷ ಶ್ರಾವಣದ ಎರಡನೇ ಸೋಮವಾರ. ಹೆಗಲಿಗೆ ಜೋಳಿಗೆ, ಕೈಯಲ್ಲಿ ಪಾವತಿ ಪುಸ್ತಕ, ಅಂದರೆ ರಸೀದಿ ಪುಸ್ತಕ. ಬೆಳಗ್ಗೆಯಿಂದ ನಮಗೆ ಸಿಕ್ಕ ಮೂರನೇ ಫ್ಯಾನು ಅದು. ಇರುವುದು ಎರಡು ಕೋಣೆ. ಎಷ್ಟು ಫ್ಯಾನ್ ಹಾಕೋದು?

ನಮ್ಮದು ಅಕ್ಕನ ಬಳಗ. ಹುಣ್ಣಿಮೆಗೊಮ್ಮೆ ಸೇರಿ ವಚನ ಹಾಡುತ್ತೇವೆ, ಪ್ರಸಾದ ಮಾಡುತ್ತೇವೆ, ಸ್ವಲ್ಪ ಸೊಸೆಯಂದಿರ ಸುದ್ದಿಯನ್ನೂ ಮಾತಾಡುತ್ತೇವೆ. ಸುಳ್ಳು ಯಾಕೆ ಹೇಳಲಿ? ನಾಲ್ಕು ವರ್ಷದ ಹಿಂದೆ ಒಂದು ಹುಣ್ಣಿಮೆಗೆ ಪ್ರಸಾದಕ್ಕೆ ಬಂದ ಒಬ್ಬ ಹೆಣ್ಣುಮಗಳು ಊಟ ಮುಗಿದ ಮೇಲೂ ಏಳಲಿಲ್ಲ. ಪಾತ್ರೆ ತಿಕ್ಕಿದಳು, ಕಸ ಗುಡಿಸಿದಳು, ಮತ್ತೆ ಕೂತಳು. ರಾತ್ರಿ ಒಂಬತ್ತಾಯಿತು. ಹೋಗಲು ಅವಳಿಗೆ ಜಾಗ ಇರಲಿಲ್ಲ. ಅವಳನ್ನು ಹದಿನೈದು ದಿನ ನಮ್ಮ ಬಳಗದ ದೊಡ್ಡಕ್ಕನೇ ತಮ್ಮ ಮನೆಯಲ್ಲಿ ಇಟ್ಟುಕೊಂಡರು. ನಡುವಿನ ಮನೆ ಶುರುವಾದದ್ದು ಅಲ್ಲಿಂದ.

ಅದಕ್ಕೆ ಬೇರೆ ಹೆಸರಿಲ್ಲ. ನಾವೇ ಹಾಗೆ ಕರೆಯುತ್ತೇವೆ. ಗಂಡನ ಮನೆ ಬಿಟ್ಟ ಮೇಲೆ, ತಮ್ಮದೇ ಅಂತ ಒಂದು ಮನೆ ಹಿಡಿಯುವ ಮೊದಲು, ನಡುವೆ ಇರುವ ಮನೆ. ನವನಗರದ ಒಂದು ಸೆಕ್ಟರಿನಲ್ಲಿ ಬಾಡಿಗೆಗೆ ಹಿಡಿದಿದ್ದೇವೆ. ಎರಡು ಕೋಣೆ, ಅಡಿಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಮೂವರು ಹೆಂಗಸರು, ಅವರ ಮಕ್ಕಳು. ಆರು ತಿಂಗಳು ಇರಬಹುದು. ಅನಿವಾರ್ಯ ಇದ್ದರೆ ಒಂದು ವರ್ಷ. ಸರ್ಕಾರದ ಸಖಿ ಕೇಂದ್ರ ಇದೆ, ನಿಜ. ಪೊಲೀಸು, ವಕೀಲರು, ಡಾಕ್ಟರು ಎಲ್ಲ ಅಲ್ಲಿ ಸಿಗುತ್ತಾರೆ. ಆದರೆ ಅಲ್ಲಿ ಉಳಿಯಲು ಕೊಡುವುದು ಐದು ದಿನದವರೆಗೆ. ಐದು ದಿನದಲ್ಲಿ ಯಾರಿಗೆ ಮನೆ ಸಿಗುತ್ತದೆ? ಗಂಡ ಜೊತೆಗಿಲ್ಲದ ಹೆಣ್ಣುಮಗಳು ಮನೆ ಕೇಳಲು ಹೋದರೆ ಮಾಲೀಕರು ಮೊದಲು ಕೇಳುವುದು “ಯಜಮಾನ್ರು ಎಲ್ಲಿ ಕೆಲಸಾ ಮಾಡ್ತಾರ?” ಅಂತ. ಆಮೇಲೆ ಐವತ್ತು ಸಾವಿರ ಡಿಪಾಸಿಟ್.

ಇನ್ನೊಂದು ತಮಾಷೆ ಇದೆ. ತಮಾಷೆ ಅಂದರೆ ಅಳುವಂಥ ತಮಾಷೆ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬರುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇರುವವರಿಗೆ. ನಮ್ಮಲ್ಲಿಗೆ ಬರುವ ಹೆಚ್ಚಿನವರ ಕಾರ್ಡಿನಲ್ಲಿ ಯಜಮಾನಿ ಅತ್ತೆ. ಸೊಸೆ ಹೊಡೆಸಿಕೊಂಡು ಹೊರಗೆ ಬಂದಿದ್ದಾಳೆ, ದುಡ್ಡು ತಿಂಗಳಾ ಅತ್ತೆಗೆ ಜಮಾ. ಹೆಸರು ತೆಗೆಸಿ ಬೇರೆ ಕಾರ್ಡ್ ಮಾಡಿಸಲು ಹೊಸ ವಿಳಾಸ ಬೇಕು. ವಿಳಾಸಕ್ಕೆ ಮನೆ ಬೇಕು. ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತದೆ.

ಹೋದ ವರ್ಷ ಬಾಡಿಗೆ ಏಳು ಸಾವಿರ ಇತ್ತು. ಹನ್ನೊಂದು ತಿಂಗಳಿಗೊಮ್ಮೆ ಬಾಂಡ್ ಪೇಪರಿನ ಮೇಲೆ ಕರಾರು. ಕರೆಂಟಿನ ಚಿಂತೆ ಅಷ್ಟಿಲ್ಲ, ಗೃಹಜ್ಯೋತಿ ಇದೆ. ಜೋಳ, ಬೇಳೆ, ಎಣ್ಣೆಯ ಚಿಂತೆಯೂ ಇಲ್ಲ. ನಮ್ಮ ಕಡೆ ಜನ ಉಣ್ಣಲಿಕ್ಕೆ ಕೇಳಿದರೆ ಇಲ್ಲ ಅನ್ನುವುದಿಲ್ಲ. ದಾಸೋಹ ಅಂದರೆ ಜೋಳದ ಚೀಲ ತಾನಾಗಿ ಬಾಗಿಲಿಗೆ ಬರುತ್ತದೆ. ಬಾಡಿಗೆ ಅಂದ ಕೂಡಲೇ ಮುಖ ಗಂಟಾಗುತ್ತದೆ. “ಬಾಡಿಗಿ ಕಟ್ಟಾಕ ದಾನಾ?” ಅಂತ ಒಬ್ಬರು ನಕ್ಕೇ ಬಿಟ್ಟರು. ದೊಡ್ಡಕ್ಕ ಇದಕ್ಕೊಂದು ಮಾತು ಹೇಳುತ್ತಾರೆ. “ಉಂಡದ್ದು ಕಣ್ಣಿಗೆ ಕಾಣತೈತಿ. ಕಟ್ಟಿಸಿದ್ದೂ ಕಾಣತೈತಿ. ಬಾಡಿಗಿ ಎಲ್ಲಿ ಕಾಣತೈತಿ ಹೇಳು?” ಗುಡಿಗೆ ಕೊಟ್ಟರೆ ಕಲ್ಲಿನ ಮೇಲೆ ಹೆಸರು ಬರುತ್ತದೆ. ಕಲ್ಯಾಣ ಮಂಟಪಕ್ಕೆ ಕೊಟ್ಟರೆ ಬಾಗಿಲ ಮೇಲೆ. ನಮ್ಮ ಮನೆಗೆ ಬೋರ್ಡೇ ಇಲ್ಲ, ಇರಲೂಬಾರದು. ಹುಡುಕಿಕೊಂಡು ಬರುವವರಿಗೆ ಸಿಗದಿರಲಿ ಅಂತಲೇ ತಾನೇ ಆ ಮನೆ ಇರುವುದು? ಹಾಗಾಗಿ ಪಾಪ, ದಾನಿಗಳಿಗೆ ಉಳಿದದ್ದು ಫ್ಯಾನಿನ ರೆಕ್ಕೆ.

ಜೋಳಿಗೆ ನಮ್ಮ ಜಿಲ್ಲೆಗೆ ಹೊಸದಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ ಜನರ ಕುಡಿತ, ಬೀಡಿ, ಗುಟ್ಕಾ ಬೇಡಿದವರು. ಅವರು ಹುಟ್ಟಿದ ಆಗಸ್ಟ್ 1ನ್ನು ವ್ಯಸನಮುಕ್ತ ದಿನ ಅಂತ ಆಚರಿಸುತ್ತಾರೆ. ಚಟ ಬೇಡುವುದು ಸುಲಭವೋ ರೊಕ್ಕ ಬೇಡುವುದು ಸುಲಭವೋ ನನಗೆ ಗೊತ್ತಿಲ್ಲ. ನನಗಂತೂ ಮೊದಲ ವರ್ಷ ಅಂಗಡಿ ಮೆಟ್ಟಿಲು ಹತ್ತುವಾಗ ಕಾಲು ನಡುಗುತ್ತಿದ್ದವು. ಆಮೇಲೆ ರೂಢಿಯಾಯಿತು. ರೂಢಿಯಾದದ್ದೇ ತಪ್ಪಾಯಿತೇನೋ.

ನಾನು ಈ ಕೆಲಸಕ್ಕೆ ಯಾಕೆ ಬಿದ್ದೆ ಅಂತ ಹೇಳಬೇಕು. ನಾವು ಮುಳುಗಡೆಯವರು. ಬಾಗಲಕೋಟೆಯಲ್ಲಿ ಈ ಮಾತು ಹೇಳಿದರೆ ಸಾಕು, ವಿವರಿಸಬೇಕಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯಲ್ಲಿ ಹಿಮ್ಮೆಟ್ಟಿ ಊರಿನ ಕೆಳಗಿನ ಓಣಿಗಳಿಗೆ ಬಂತು. ಅಪ್ಪನಿಗೆ ನವನಗರದಲ್ಲಿ ಸೈಟು ಸಿಕ್ಕಿತು, ಪರಿಹಾರದ ರೊಕ್ಕವೂ ಸಿಕ್ಕಿತು. ಮನೆ ಲಿಂಟಲ್ ಮಟ್ಟಕ್ಕೆ ಬರುವಷ್ಟರಲ್ಲಿ ರೊಕ್ಕ ಮುಗಿಯಿತು. ಒಂಬತ್ತು ತಿಂಗಳು ವಿದ್ಯಾಗಿರಿಯಲ್ಲಿ ಪರಿಚಯದವರ ಹಿತ್ತಲ ಕೋಣೆಯಲ್ಲಿ ಇದ್ದೆವು. ಒಂದೇ ಕೋಣೆ. ನಡುವೆ ಅವ್ವನ ಹಳೇ ಸೀರೆ ಪರದೆ. ಮನೆಯೊಡತಿ ನಾವು ತುಂಬಿಕೊಳ್ಳುವ ಕೊಡ ಎಣಿಸುತ್ತಿದ್ದರು. ಅವ್ವ ಆ ಒಂಬತ್ತೂ ತಿಂಗಳು ಟ್ರಂಕು ಬಿಚ್ಚಲಿಲ್ಲ. ಹಬ್ಬಕ್ಕೆ ಹೊಸ ಲಂಗ ಕೇಳಿದರೆ “ನಮ್ಮ ಮನಿಗೆ ಹೋಗಿ ಬಿಚ್ಚೂಣು” ಅನ್ನುತ್ತಿದ್ದಳು. ಅಷ್ಟರಲ್ಲಿ ಲಂಗ ನನಗೆ ಗಿಡ್ಡವಾಯಿತು.

ಹಾಗಾಗಿ ನಡುವಿನ ಮನೆಗೆ ಯಾರೇ ಬರಲಿ, ನಾನು ಮೊದಲು ನೋಡುವುದು ಅವರ ಚೀಲ. ಕೆಲವರು ತಿಂಗಳಾದರೂ ಬಿಚ್ಚುವುದಿಲ್ಲ. ಬಟ್ಟೆ ಬೇಕಾದಾಗ ಕೈ ಹಾಕಿ ಎಳೆದುಕೊಳ್ಳುತ್ತಾರೆ, ಮತ್ತೆ ಜಿಪ್ ಹಾಕುತ್ತಾರೆ. ಆದರೆ ಒಬ್ಬಾಕೆ ಬಂದ ರಾತ್ರಿಯೇ ಎಲ್ಲ ಬಿಚ್ಚಿ ಗೂಡಿನಲ್ಲಿ ಜೋಡಿಸಿದಳು. ಅವಳ ವಿವರಗಳನ್ನು ಇಲ್ಲಿ ಬದಲಿಸಿ ಬರೆಯುತ್ತಿದ್ದೇನೆ. ಒಮ್ಮೆ ಬದಲಿಸದೆ ಹೇಳಿದ್ದರ ಕಥೆಯೇ ಇದು.

ಅವಳು ಬಂದದ್ದು ಸರ್ಕಾರಿ ಬಸ್ಸಿನಲ್ಲಿ, ಆಧಾರ್ ತೋರಿಸಿ, ಪುಕ್ಕಟೆ. “ಬಸ್ ಫ್ರೀ ಇರಲಿಲ್ಲಂದ್ರ ಬರೂದ ಆಗ್ತಿರಲಿಲ್ರಿ, ಕೈಯಾಗ ಹತ್ತ ರೂಪಾಯಿ ಇತ್ತು” ಅಂದಳು. ಶಕ್ತಿ ಯೋಜನೆ ಬಗ್ಗೆ ಯಾರಾದರೂ ಜೋಕು ಮಾಡಿದಾಗ ನನಗೆ ಆ ಹತ್ತು ರೂಪಾಯಿ ನೆನಪಾಗುತ್ತದೆ. ಜೊತೆಗೆ ಎರಡು ಹೆಣ್ಣುಮಕ್ಕಳು, ಅವಳಿ. ಎರಡನೇ ವಾರವೇ ರೊಟ್ಟಿ ಮಾಡುವ ಕಡೆ ಕೆಲಸ ಹಿಡಿದಳು. ಒಂದು ಕಟಕ ರೊಟ್ಟಿಗೆ ಎರಡು ರೂಪಾಯಿ ಕೂಲಿ. ಮೊದಲ ಕೂಲಿಯಲ್ಲಿ ಅವಳು ತಂದದ್ದು ಒಂದು ಮಣ್ಣಿನ ಹಂಚು. ಕಬ್ಬಿಣದ್ದು ಮನೆಯಲ್ಲೇ ಇತ್ತು. “ಇದರಾಗ ಬೆಂದ ರೊಟ್ಟಿ ರುಚಿನ ಬ್ಯಾರೆ” ಅಂದಳು. ನಿಜಕ್ಕೂ ಬೇರೆಯೇ ಇತ್ತು.

ಮತ್ತೆ ಆ ಸೋಮವಾರಕ್ಕೆ ಬರುತ್ತೇನೆ. ಮಧ್ಯಾಹ್ನ ಎರಡಾಗಿತ್ತು. ಜೋಳಿಗೆಯಲ್ಲಿ ಆರು ಸಾವಿರ ಚಿಲ್ಲರೆ. ಒಂದು ವರ್ಷದ ಬಾಡಿಗೆಗೆ ಬೇಕಿದ್ದದ್ದು ಎಂಬತ್ತನಾಲ್ಕು. ಕಾಲು ನೋಯುತ್ತಿದ್ದವು. ಒಂದು ದೊಡ್ಡ ಬಟ್ಟೆ ಅಂಗಡಿಗೆ ಹೋದೆವು. ಸಾವ್ಕಾರರು ಒಳ್ಳೆಯವರೇ, ಕೂರಿಸಿ ಚಹಾ ತರಿಸಿದರು. ಆಮೇಲೆ ಪ್ರಶ್ನೆ ಶುರುವಾದವು. ಟ್ರಸ್ಟ್ ಐತೇನ್ರಿ? ಐತ್ರಿ. 80ಜಿ ಪಾವತಿ ಕೊಡ್ತೀರೇನ್ರಿ? ಕೊಡ್ತೀವ್ರಿ, ಆದ್ರ ನಗದು ಎರಡು ಸಾವಿರ ದಾಟಿದ್ರ ತೆರಿಗಿ ವಿನಾಯಿತಿ ಬರೂದಿಲ್ಲ, ಚೆಕ್ ಕೊಡ್ರಿ. ಹೂಂ. ಮತ್ತ ಅಲ್ಲಿ ಇರೋರು ಖರೇನ ತ್ರಾಸಿನಾಗ ಇರೋರೋ, ಸುಮ್ನ ಗಂಡನ ಕೂಡ ಜಗಳಾ ಮಾಡಿ ಬಂದೋರೋ?

ಹೋಳಿ ಹಬ್ಬಕ್ಕೆ ಪಟ್ಟಿ ಕೇಳಲು ಬಂದ ಹುಡುಗರಿಗೆ ಇವರೇ ಒಂದು ಮಾತಾಡದೆ ಕೊಡುತ್ತಾರೆ ಅಂತ ನನಗೆ ಗೊತ್ತು. ಸಿಟ್ಟು ಬಂತು. ಸಿಟ್ಟಿನಲ್ಲಿ ಬಾಯಿ ಬಿಟ್ಟೆ.

“ಒಬ್ಬಾಕಿ ಅದಾಳ್ರಿ. ಬಾದಾಮಿ ಕಡೀಕಿ. ಗಂಡ ಟಂಟಂ ಆಟೋ ಹೊಡೀತಾನ. ಬಸರಿದ್ದಾಗ ಹೊಟ್ಟಿಗೆ ಒದ್ದಾನ. ಎರಡೂ ಅವಳಿ ಹೆಣ್ಣು ಹುಟ್ಟಿದ್ವು ಅಂತ ಕುಂಕುಮದ ಡಬ್ಬಿ ಸೈತ ಕಸಗೊಂಡು ಹೊರಗ ಹಾಕ್ಯಾರ.”

ಅಂಗಡಿ ಸುಮ್ಮನಾಯಿತು. ಸೀರೆ ಮಡಚುತ್ತಿದ್ದ ಹುಡುಗನ ಕೈ ನಿಂತಿತು. ಖಣ ಆರಿಸುತ್ತ ಕೂತಿದ್ದ ಗಿರಾಕಿ ಹೆಂಗಸರು ಇತ್ತ ತಿರುಗಿದರು. ಸಾವ್ಕಾರರು ಚೆಕ್ ಪುಸ್ತಕ ತೆಗೆದರು. ಐದು ಸಾವಿರ. ನಾನೇ ಪಾವತಿ ಹರಿದು ಕೊಟ್ಟೆ. ಹೊರಗೆ ಬಂದಾಗ ಜೊತೆಯವರು “ನೀ ಭಾರೀ ಮಾತಾಡಿದಿ ಬಿಡ” ಅಂದರು. ನನಗೂ ಹಾಗೇ ಅನಿಸಿತ್ತು. ದೊಡ್ಡಕ್ಕ ಮಾತ್ರ ಏನೂ ಅನ್ನಲಿಲ್ಲ. ಮುಂದಿನ ಎರಡು ಅಂಗಡಿಯಲ್ಲೂ ನಾನು ಅದನ್ನೇ ಹೇಳಿದೆ. ಮೂರನೆಯದರ ಮೆಟ್ಟಿಲಲ್ಲಿ ಅವರು ನನ್ನ ಕೈಯಿಂದ ಪಾವತಿ ಪುಸ್ತಕ ಇಸಿದುಕೊಂಡರು. “ಸಾಕು, ಇನ್ನ ನಾ ಮಾತಾಡ್ತೀನಿ.”

ಗುರುವಾರ ಸಂಜೆ ನಮ್ಮ ಮನೆಯ ರಸ್ತೆಯ ತುದಿಯಲ್ಲಿ ಒಂದು ಟಂಟಂ ನಿಂತಿತ್ತು.

ಹೇಳಿದವರು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಸೀರೆ ಮಡಚುವ ಹುಡುಗನೋ, ಖಣ ಆರಿಸುತ್ತಿದ್ದವರೋ. ಬಾದಾಮಿ ಕಡೆ, ಟಂಟಂ, ಅವಳಿ ಹೆಣ್ಣು. ಇಷ್ಟು ಸಾಕಲ್ವಾ ನಮ್ಮ ಕಡೆ? ಹೆಸರು ಬೇಕೇ ಆಗಿಲ್ಲ. ಬಳಗದವರಲ್ಲಿ ಒಬ್ಬರ ಹಿಂದೆ ಬಂದು ಮನೆ ನೋಡಿಕೊಂಡಿರಬೇಕು. ಅವನು ಮೊದಲು ಗೇಟಿನ ಹತ್ತಿರ ನಿಂತು ಮಕ್ಕಳ ಹೆಸರು ಹಿಡಿದು ಕೂಗಿದ. ಆಮೇಲೆ ಗೇಟು ಒದ್ದ. ಒಳಗಿನಿಂದ ಒಬ್ಬಾಕೆ 112ಕ್ಕೆ ಫೋನ್ ಮಾಡಿದಳು. ಪೊಲೀಸರು ಬಂದರು, ಅವನು ಹೋದ. ದೊಡ್ಡದೇನೂ ಆಗಲಿಲ್ಲ ಅಂತ ಹೇಳಬಹುದು. ಆದರೆ ಮಕ್ಕಳಲ್ಲಿ ಒಂದು ಆ ರಾತ್ರಿ ಅಟ್ಟದ ಕೆಳಗಿನಿಂದ ಹೊರಗೆ ಬರಲಿಲ್ಲ. ಮರುದಿನ ಮನೆ ಮಾಲೀಕರು “ಕರಾರು ಮುಗಿದ ಮ್ಯಾಲ ಬ್ಯಾರೆ ಕಡೆ ನೋಡಕೋರ್ರಿ” ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಶುಕ್ರವಾರ ನಾನು ಅವಳ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಹೇಳದಿದ್ದರೂ ನಡೆಯುತ್ತಿತ್ತು. ಯಾರೋ ನೋಡಿರಬೇಕು ಅಂತ ಅವಳು ಅಂದುಕೊಂಡಿದ್ದಳು. ಅವಳು ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಎಷ್ಟು ಬಂತ್ರಿ ಅಕ್ಕಾರ, ನನ್ನ ಸುದ್ದಿ ಹೇಳಿದ್ದಕ್ಕ?”

“ಐದು ಸಾವಿರ. ಒಂದ ಕಡೆ.”

ತುಸು ಹೊತ್ತು ಸುಮ್ಮನಿದ್ದಳು. “ಎರಡೂವರಿ ಸಾವಿರ ರೊಟ್ಟಿ” ಅಂದಳು. ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಳಗದಲ್ಲಿ ಆ ಚೆಕ್ ವಾಪಸ್ ಕೊಡೋಣ ಅಂತ ನಾನು ಹಟ ಹಿಡಿದೆ. ಲೆಕ್ಕ ನೋಡುವ ಅಕ್ಕ ಒಪ್ಪಲಿಲ್ಲ. “ತಿರುಗಿ ಕೊಟ್ರ ಯಾಕಂತ ಕೇಳ್ತಾರ. ಏನಂತ ಹೇಳ್ತಿ? ಮತ್ತೊಂದು ಸುದ್ದಿ ಹುಟ್ಟತೈತಿ. ಮತ್ತ ಭಾದ್ರಪದದ ಬಾಡಿಗಿ ನೀ ಕೊಡ್ತೀಯೇನು?” ಅವರು ಹೇಳಿದ್ದು ಸರಿ. ಆ ದುಡ್ಡಿನಲ್ಲಿ ಬಾಡಿಗೆ ಕಟ್ಟಿದೆವು. ಪುಸ್ತಕದಲ್ಲಿ ನನ್ನ ಕೈಬರಹದ ಅರ್ಧ ಪಾವತಿ ಇನ್ನೂ ಇದೆ.

ಅವಳು ಭಾನುವಾರ ಬೆಳಗ್ಗೆ ಹೋದಳು. ದೊಡ್ಡಕ್ಕನ ಪರಿಚಯದವರು ಬೇರೆ ಜಿಲ್ಲೆಯಲ್ಲಿ ಇದೇ ಥರದ ಜಾಗ ನಡೆಸುತ್ತಾರೆ, ಅಲ್ಲಿಗೆ. ಗೂಡಿನಲ್ಲಿ ಜೋಡಿಸಿದ್ದನ್ನೆಲ್ಲ ಚೀಲಕ್ಕೆ ತುಂಬಲು ಅವಳಿಗೆ ಹತ್ತು ನಿಮಿಷ ಸಾಕಾಯಿತು. ಹಂಚು ಮಾತ್ರ ಬಸ್ಸಿನಲ್ಲಿ ಒಡೆಯುತ್ತದೆ ಅಂತ ಬಿಟ್ಟುಹೋದಳು.

ಆಮೇಲೆ ನಾವು ಹೊಸ ಮನೆ ಹಿಡಿದೆವು, ಬೇರೆ ಸೆಕ್ಟರಿನಲ್ಲಿ. ಐನೂರು ರೂಪಾಯಿ ಬಾಡಿಗೆ ಜಾಸ್ತಿ. ಹಳೇ ಮಾಲೀಕರು ಗೋಡೆಗೆ ಹೊಡೆದ ಮೊಳೆಗೆ ಅಂತ ಡಿಪಾಸಿಟಿನಲ್ಲಿ ಎರಡು ಸಾವಿರ ಹಿಡಿದುಕೊಂಡರು. ಫ್ಯಾನು ಬಿಚ್ಚಿ ತಂದೆವು. ಪಾತ್ರೆ ಅಂಗಡಿಯವರ ತಂದೆಯ ಹೆಸರು ಈಗ ಹೊಸ ಮನೆಯಲ್ಲಿ ತಿರುಗುತ್ತಿದೆ.

ಈ ವರ್ಷ ಶ್ರಾವಣದಲ್ಲಿ ನಾನು ಜೋಳಿಗೆ ಹಿಡಿದೆ, ಪಾವತಿ ಪುಸ್ತಕ ಹಿಡಿಯಲಿಲ್ಲ. ಅಲ್ಲಿ ಯಾರಿದ್ದಾರೆ ಅಂತ ಕೇಳಿದವರಿಗೆ ದೊಡ್ಡಕ್ಕ ಹೇಳಿದ್ದು ಒಂದೇ ಮಾತು: “ಬಾಡಿಗಿ ಏಳೂವರಿ ಸಾವಿರ ಐತ್ರಿ.” ಹೋದ ವರ್ಷದಷ್ಟು ಆಗಲಿಲ್ಲ. ಎರಡು ತಿಂಗಳ ಬಾಡಿಗೆ ಬಳಗದವರೇ ಹಂಚಿಕೊಂಡು ಹಾಕಿದೆವು. ಬಟ್ಟೆ ಅಂಗಡಿಯ ಸಾವ್ಕಾರರು “ಆ ಅವಳಿ ಮಕ್ಕಳು ಹ್ಯಾಂಗದಾವ್ರಿ?” ಅಂತ ಪ್ರೀತಿಯಿಂದಲೇ ಕೇಳಿದರು. ನಾನು ಚಹಾ ಕುಡಿಯುತ್ತ ಕೂತೆ.

ಮೊನ್ನೆ ಒಂದು ಹೊಸ ನಂಬರಿನಿಂದ ಫೋನ್ ಬಂತು. ಅವಳದೇ ದನಿ. ಮಕ್ಕಳನ್ನು ಅಂಗನವಾಡಿಗೆ ಹಾಕಿದ್ದಾಳೆ. ಬೇರೆ ರೇಷನ್ ಕಾರ್ಡಿಗೆ ಅರ್ಜಿ ಕೊಟ್ಟಿದ್ದಾಳೆ. ಯಾವ ಊರು ಅಂತ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

“ಹಂಚು ಐತೇನ್ರಿ ಅಕ್ಕಾರ?”

“ಐತವಾ. ದಿನಾ ಅದರಾಗ ಬೇಯಸ್ತಾರ.”

“ಬಿಸಿ ಇದ್ದಾಗ ನೀರ ಹಾಕಬ್ಯಾಡ ಅಂತ ಹೇಳ್ರಿ ಅವ್ರಿಗೆ. ಸೀಳತೈತಿ.”