ಖಾಲಿ ಡಬ್ಬಿನ ಕವರ್ ಪೇಜ್‌ಗೆ ಹಾಕಿದ ಎಡಿಟರ್

ಮನೆಗೆ ಕಂಪ್ಯೂಟರ್ ಬಂದ ಕಥೆ ಹೇಳೋವಾಗ ಎಲ್ರೂ ಗೇಟ್ಸ್ ಅಂತಾರೆ, ಜಾಬ್ಸ್ ಅಂತಾರೆ, ಸ್ವಲ್ಪ ಹೆಚ್ಚು ಓದ್ಕೊಂಡವ್ರಾದ್ರೆ ಎಡ್ ರಾಬರ್ಟ್ಸ್ ಹೆಸರೂ ಎತ್ತಾರೆ. ಲೆಸ್ ಸಾಲೊಮನ್ ಹೆಸರು ಮಾತ್ರ ಯಾರ ಬಾಯಲ್ಲೂ ಬರಲ್ಲ, ನಂಗೆ ಅದು ತುಂಬಾ ಬೇಜಾರು. ನ್ಯೂಯಾರ್ಕ್‌ನಿಂದ ಬರ್ತಿದ್ದ ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ ಪತ್ರಿಕೆಗೆ ಅವ್ರು ಟೆಕ್ನಿಕಲ್ ಎಡಿಟರ್. ಹವ್ಯಾಸಿಗಳು ಪ್ರೀತಿಯಿಂದ ಅಂಕಲ್ ಸಾಲ್ ಅಂತಿದ್ರು.

1974ರ ಜುಲೈನಲ್ಲಿ ಎದುರಾಳಿ ಪತ್ರಿಕೆ ರೇಡಿಯೊ-ಎಲೆಕ್ಟ್ರಾನಿಕ್ಸ್, ಮಾರ್ಕ್-8 ಅನ್ನೋ ಕಂಪ್ಯೂಟರನ್ನ ಕವರ್ ಮೇಲೆ ಹಾಕ್ತು. ಆದ್ರೆ ಅದು ಪೂರ್ತಿ ಕಿಟ್ ಅಲ್ಲ, ಪ್ಲಾನ್ ತರಿಸ್ಕೊಂಡು ಚಿಪ್ಪು ಗಿಪ್ಪು ಎಲ್ಲಾ ನಾವೇ ಹುಡುಕ್ಬೇಕು. ಸಾಲೊಮನ್‌ಗೆ ಅದಕ್ಕಿಂತ ಮೇಲಿಂದು ಬೇಕಿತ್ತು. ಆಗ ಅವ್ರ ಕೈಗೆ ಸಿಕ್ಕಿದ್ದು ಆಲ್ಬುಕರ್ಕಿಯಲ್ಲಿ ಕ್ಯಾಲ್ಕುಲೇಟರ್ ಕಿಟ್ ಮಾರ್ತಿದ್ದ ರಾಬರ್ಟ್ಸ್, ದೊಡ್ಡ ಕಂಪನಿಗಳು ಕ್ಯಾಲ್ಕುಲೇಟರ್ ರೇಟ್ ಇಳಿಸಿಬಿಟ್ಟು ಆ ಮನುಷ್ಯ ಸಾಲದಲ್ಲಿ ಮುಳುಗಿದ್ದ. ಕಂಪ್ಯೂಟರಿನ ಮಿದುಳಾದ ಇಂಟೆಲ್ 8080 ಚಿಪ್ಪಿನ ಬಿಡಿ ಬೆಲೆಯೇ 360 ಡಾಲರ್ ಇದ್ದಾಗ, ಆಮೇಲೆ ಆಲ್ಟೇರ್ 8800 ಅಂತ ಹೆಸರಾದ ಇಡೀ ಕಂಪ್ಯೂಟರ್ ಕಿಟ್ಟನ್ನ 397 ಡಾಲರ್‌ಗೆ ಕೊಡ್ತೀನಿ ಅಂದ! ಚಿಪ್ಪುಗಳನ್ನ ಒಟ್ಟಿಗೆ ತಗೊಂಡು ಒಂದಕ್ಕೆ 75 ಡಾಲರ್ ಲೆಕ್ಕದಲ್ಲಿ ಚೌಕಾಸಿ ಮಾಡಿ ತಂದಿದ್ರಿಂದ ಅದು ಸಾಧ್ಯ ಆಯ್ತು.

ಇನ್ನು ಮುಂದಿಂದು ನಂಗೆ ಎಷ್ಟು ಸಲ ಓದಿದ್ರೂ ಮೈ ಜುಮ್ ಅನ್ಸತ್ತೆ. ಇದ್ದ ಒಂದೇ ಒಂದು ಮಾದರಿಯನ್ನ ರೇಲ್ವೆ ಪಾರ್ಸೆಲ್‌ನಲ್ಲಿ ನ್ಯೂಯಾರ್ಕ್‌ಗೆ ಕಳಿಸಿದ್ರು, ಅದು ತಲುಪ್ಲೇ ಇಲ್ಲ, ದಾರೀಲೇ ಕಳೆದುಹೋಯ್ತು. ಇನ್ನೊಂದು ಕಟ್ಟೋಕೆ ಟೈಮಿಲ್ಲ, ಪತ್ರಿಕೆ ಪ್ರಿಂಟಿಗೆ ಹೋಗ್ಬೇಕು. ಕೊನೆಗೆ ಮುಂದೆ ಸ್ವಿಚ್ಚು ಲೈಟು ಕೂರಿಸಿದ, ಒಳಗೆ ಏನೂ ಇಲ್ಲದ ಡಬ್ಬಿ ಫೋಟೋನೇ 1975ರ ಜನವರಿ ಸಂಚಿಕೆಯ ಕವರ್ ಆಯ್ತು. ಓದುಗರು ಮನೇಲಿ ಕೂತು ಬೆಸುಗೆ ಹಾಕಿ ಕಟ್ಟೋ ಪ್ರಾಜೆಕ್ಟ್ ಅದು, ಕೆಲಸ ಮಾಡ್ಲಿಲ್ಲ ಅಂದ್ರೆ ಪತ್ರಿಕೆಯ ಹೆಸರು ಮಣ್ಣುಪಾಲು. ಅಂಥಾದ್ರಲ್ಲಿ ಸಾಲೊಮನ್ ಸರ್ಕ್ಯೂಟ್ ಡ್ರಾಯಿಂಗನ್ನೂ ರಾಬರ್ಟ್ಸ್‌ನನ್ನೂ ನಂಬಿದ್ರು. ಲೇಖನದ ಮೇಲೆ ಇರೋದು ರಾಬರ್ಟ್ಸ್ ಮತ್ತು ವಿಲಿಯಂ ಯೇಟ್ಸ್ ಹೆಸರು, ಸಾಲೊಮನ್‌ದು ಅಲ್ಲ.

ಆ ಆಲ್ಟೇರ್ 8800ಗೆ ಕೀಬೋರ್ಡ್ ಇಲ್ಲ, ಸ್ಕ್ರೀನ್ ಇಲ್ಲ. ಎಂಟು ಸ್ವಿಚ್ಚುಗಳನ್ನ ಮೇಲೆ ಕೆಳಗೆ ಮಾಡಿ ಒಂದು ಬೈಟ್ ಹೊಂದಿಸ್ಬೇಕು, ಅದನ್ನ ಮೆಮೊರಿಗೆ ಸೇರಿಸೋ ಡಿಪಾಸಿಟ್ ಸ್ವಿಚ್ ಒತ್ಬೇಕು, ಆಮೇಲೆ ಮುಂದಿನ ಬೈಟ್, ಹಿಂಗೇ ಪ್ರೋಗ್ರಾಂ ಮುಗಿಯೋವರ್ಗೂ. ಉತ್ತರ ಬರೋದು ಕೆಂಪು ಲೈಟುಗಳಲ್ಲಿ. ಕರೆಂಟ್ ಹೋದ್ರೆ ಹಾಕಿದ್ದೆಲ್ಲಾ ಹೋಯ್ತು. ಮೆಮೊರಿ ಬರೀ 256 ಬೈಟ್, ಈಗ ನಾವು ಟೈಪ್ ಮಾಡೋ ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಗುಣಿತದ ಚಿಹ್ನೆಗೂ ಸಾಮಾನ್ಯವಾಗಿ 3 ಬೈಟ್ ಬೇಕು, ಅಂದ್ರೆ ಈ ಒಂದು ವಾಕ್ಯಾನೂ ಅದರಲ್ಲಿ ಹಿಡಿಯಲ್ಲ. ಆದ್ರೂ ಕೆಲವೇ ತಿಂಗಳಲ್ಲಿ ಸಾವಿರಾರು ಆರ್ಡರ್ ಬಂತು. ಯಾಕೆ ಅಂದ್ರೆ ಅಲ್ಲೀವರ್ಗೂ ಕಂಪ್ಯೂಟರ್ ಅಂದ್ರೆ ಆಫೀಸಿಂದು, ಯೂನಿವರ್ಸಿಟಿದು, ಗಾಜಿನ ಆಚೆ ಇರೋ ವಸ್ತು. ಇದು ನಂದು, ನನ್ನ ಟೇಬಲ್ ಮೇಲೆ ಇರತ್ತೆ ಅನ್ನೋ ಆಸೆಗೆ ಜನ ಚೆಕ್ ಬರೆದು ಕಳಿಸಿದ್ರು.

ಅದೇ ಸಂಚಿಕೆ ನೋಡಿ ಪಾಲ್ ಅಲೆನ್ ಗೇಟ್ಸ್ ಹತ್ರ ಓಡಿದ್ದು, ಇಬ್ರೂ ಸೇರಿ ಆ ಮಷೀನಿಗೆ ಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಬರೆದದ್ದು ಎಲ್ರಿಗೂ ಗೊತ್ತಿರೋದೇ, ಬಿಡಿ.

ನಂಗೆ ಸಾಲೊಮನ್ ಮೇಲೆ ಗೌರವ ಇನ್ನೂ ಹೆಚ್ಚಾಗಿದ್ದು ಆಮೇಲಿನ ಕೆಲಸದಿಂದ. ಒಂದು ಕವರ್ ಹಿಟ್ ಆಯ್ತು ಅಂತ ಅವ್ರು ಸುಮ್ನೆ ಕೂರ್ಲಿಲ್ಲ. ಸ್ವಿಚ್ ಒತ್ತಿ ಒತ್ತಿ ಸಾಕಾಗಿರೋ ಜನಕ್ಕೆ ಏನು ಬೇಕು ಅಂತ ಯೋಚ್ನೆ ಮಾಡಿ, ಪ್ರೊಸೆಸರ್ ಟೆಕ್ನಾಲಜಿ ಅನ್ನೋ ಕಂಪನಿಯ ಬಾಬ್ ಮಾರ್ಷ್‌ನ ಹಿಡಿದು ಬುದ್ಧಿ ಇರೋ ಒಂದು ಟರ್ಮಿನಲ್, ಅಂದ್ರೆ ಕಂಪ್ಯೂಟರಿಗೆ ಟೈಪ್ ಮಾಡಿ ಉತ್ತರ ಓದೋ ಸಾಧನ, ಮಾಡಿಕೊಡು, ಕವರ್ ನಾನು ಕೊಡ್ತೀನಿ ಅಂದ್ರು. ಮಾರ್ಷ್ ಮತ್ತು ಇಂಜಿನಿಯರ್ ಲೀ ಫೆಲ್ಸೆನ್‌ಸ್ಟೈನ್ ಸೇರಿ ಕಟ್ಟಿದ್ದು ಕೀಬೋರ್ಡ್ ಒಳಗೇ ಇರೋ, ಮಾನಿಟರ್‌ಗೆ ಜೋಡಿಸಿದ್ರೆ ಅಕ್ಷರ ಮೂಡೋ ಪೂರ್ತಿ ಕಂಪ್ಯೂಟರ್. 1976ರ ಜುಲೈ ಕವರ್ ಮೇಲೆ ಅದು ಬಂತು, ಈ ಸಲ ನಿಜವಾದ ಮಷೀನು. ಅದನ್ನ ಮಾಡಿಸಿದವ್ರ ಹೆಸರನ್ನೇ ಅದಕ್ಕೆ ಇಟ್ಟಿದ್ರು, ಸಾಲ್ ಅಂತ.