ಹೌದು, ಗಬ್ಬರ್ ರೆಕಾರ್ಡ್ ಇದೆ; ಇಲ್ಲ, ಹಾಕುವುದಿಲ್ಲ

ಹನುಮಂತನಗರದ ನಮ್ಮ ಮನೆಗೆ ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಾರೆ, ನಡುಮನೆಯ ರೆಕಾರ್ಡ್ ಪ್ಲೇಯರ್ ನೋಡುತ್ತಾರೆ, ಅದರ ಕೆಳಗೆ ನಿಲ್ಲಿಸಿಟ್ಟ ರೆಕಾರ್ಡುಗಳ ಮೇಲೆ ಕಣ್ಣಾಡಿಸುತ್ತಾರೆ, ಆಮೇಲೆ ಕೇಳುತ್ತಾರೆ: "ಶೋಲೆ ಇದೆಯಾ? ಹಾಡಿನದಲ್ಲ, ಮಾತಿನದು?"

ಇದೆ. ಎರಡೂ ಇವೆ. ಮಾತಿನದನ್ನು ಹಾಕುವುದಿಲ್ಲ. ಏಕೆಂದು ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಗಿರುವುದರಿಂದ ಬರೆದು ಹಾಕುತ್ತಿದ್ದೇನೆ. ಇನ್ನು ಕೇಳಿದವರಿಗೆ ಕಾಫಿ ಕೊಟ್ಟು ಇದನ್ನು ಮೊಬೈಲಿಗೆ ಕಳಿಸಿಬಿಡುತ್ತೇನೆ.

ಪ್ರಶ್ನೆಗಿಂತ ಅದನ್ನು ಕೇಳುವ ಬಗೆ ನನಗೆ ಹೆಚ್ಚು ಕಿರಿಕಿರಿ. ಮೊದಲನೆಯದಾಗಿ, ಕೇಳುವುದು ನನ್ನ ಗಂಡನನ್ನು. ಆ ಮಹಾಶಯರಿಗೆ ಸೂಜಿಯನ್ನು ಯಾವ ಕಡೆಯಿಂದ ಎತ್ತಬೇಕೆಂಬುದೂ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಇರಾದೆಯೂ ಇಲ್ಲ. ಅವರು ನನ್ನ ಕಡೆ ಕೈ ತೋರಿಸುತ್ತಾರೆ. ಬಂದವರು ನಾನು ಹೇಳಿದ ಉತ್ತರವನ್ನು ಕೇಳಿಸಿಕೊಂಡು, ಮುಂದಿನ ಪ್ರಶ್ನೆಯನ್ನೂ ಅವರಿಗೇ ಹಾಕುತ್ತಾರೆ. ಎರಡನೆಯದಾಗಿ, ಮುಕ್ಕಾಲು ಪಾಲು ಜನ ಅದನ್ನು ತಮ್ಮ ದನಿಯಲ್ಲಿ ಕೇಳುವುದಿಲ್ಲ. ಗಂಟಲನ್ನು ಕೆರೆದು, ಕಣ್ಣು ಕಿರಿದು ಮಾಡಿ, ಶೋಲೆ ಚಿತ್ರದ ಖಳ, ಡಕಾಯಿತ ಗಬ್ಬರ್ ಸಿಂಗನಾಗಿ ಕೇಳುತ್ತಾರೆ. ತಿಂಗಳಿಗೊಬ್ಬ ಡಕಾಯಿತ ನಮ್ಮ ಮನೆಯ ಚಕ್ಕುಲಿ ತಿಂದು ಹೋಗುತ್ತಾನೆ ಎಂದುಕೊಳ್ಳಿ.

ಚಿಕ್ಕ ವಯಸ್ಸಿನವರಿಗಾಗಿ ಸ್ವಲ್ಪ ಹಿನ್ನೆಲೆ. ಶೋಲೆ ಬಿಡುಗಡೆಯಾದದ್ದು 1975ರ ಆಗಸ್ಟ್ 15ರಂದು. ನಿರ್ದೇಶನ ರಮೇಶ್ ಸಿಪ್ಪಿ, ಬರವಣಿಗೆ ಸಲೀಂ-ಜಾವೇದ್, ಸಂಗೀತ ಆರ್.ಡಿ. ಬರ್ಮನ್, ಹಾಡುಗಳು ಆನಂದ್ ಬಕ್ಷಿಯವರವು. ರೆಕಾರ್ಡ್ ತಂದದ್ದು ಪಾಲಿಡಾರ್. ಹಾಡಿನ ರೆಕಾರ್ಡ್ ಅಂದುಕೊಂಡಷ್ಟು ಬಿಕರಿಯಾಗಲಿಲ್ಲ. ಚಿತ್ರಮಂದಿರದಿಂದ ಹೊರಬರುವ ಜನ ಹಾಡು ಗುನುಗುವ ಬದಲು ಮಾತುಗಳನ್ನು ಒಪ್ಪಿಸುತ್ತಿದ್ದರು. ಕಂಪನಿಯವರು ಜಾಣರು, ಚಿತ್ರದ ಸಂಭಾಷಣೆಗಳನ್ನೇ ಆಯ್ದು ಒಂದು ಎಲ್‌ಪಿ ಮಾಡಿದರು. ಅದು ಮನೆಮನೆಗೆ ಹೋಯಿತು. ಹೋಟೆಲುಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ, ಮದುವೆ ಮನೆಯ ಧ್ವನಿವರ್ಧಕಗಳಲ್ಲಿ ಗಬ್ಬರ್ ಪಾತ್ರದ ಅಮ್ಜದ್ ಖಾನ್ ಗದರಿದರು. ಒಬ್ಬ ಖಳನ ಬೈಗುಳ ಕೇಳಲು ಜನ ದುಡ್ಡು ಕೊಟ್ಟು ರೆಕಾರ್ಡ್ ಕೊಂಡರು ಎಂಬುದು ಈಗ ವಿಚಿತ್ರವಾಗಿ ತೋರಬಹುದು. ಆಗ ಚಿತ್ರವನ್ನು ಮನೆಗೆ ತರಲು ಬೇರೆ ದಾರಿಯೇ ಇರಲಿಲ್ಲ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದೇ 1981ರಲ್ಲಿ. ಮತ್ತೆ ನೋಡಬೇಕೆಂದರೆ ಮತ್ತೆ ಟಿಕೆಟ್ ಕೊಳ್ಳಬೇಕು, ಇಲ್ಲವೆಂದರೆ ಕಣ್ಣು ಮುಚ್ಚಿಕೊಂಡು ಆ ರೆಕಾರ್ಡ್ ಕೇಳಬೇಕು.

ನನ್ನ ಬಳಿ ಇರುವುದು ಸೋದರಮಾವನ ಪ್ರತಿ. ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಯಾರು ಏನನ್ನು ಕೇಳಿದರು ಎಂಬುದು ಕಣ್ಣಿಗೇ ಕಾಣುತ್ತದೆ. ಉಳಿದೆಡೆ ಕರ್ರಗೆ ಹೊಳೆಯುವ ತಟ್ಟೆ, ಒಂದು ಕಡೆ ಮಾತ್ರ ಬೂದುಬಣ್ಣದ ಅಗಲವಾದ ಪಟ್ಟಿ. ಸೂಜಿಯನ್ನು ಎತ್ತಿ ಎತ್ತಿ ಅಲ್ಲಿಗೇ ಇಳಿಸಿ ಗೆರೆಗಳು ಸವೆದಿವೆ. ಆ ಜಾಗದಲ್ಲಿ ಗಬ್ಬರ್ ಒಗ್ಗರಣೆಯ ಬಾಣಲೆಯೊಳಗಿಂದ ಮಾತಾಡಿದಂತೆ ಕೇಳುತ್ತದೆ. ಗಬ್ಬರನ ವೈರಿ ಠಾಕೂರನ ಮಾತಿರುವ ಜಾಗ ಈಗಲೂ ನುಣುಪು. ಪಾಪ, ಆ ಪಾತ್ರ ಮಾಡಿದ ಸಂಜೀವ್ ಕುಮಾರ್.

ಹಾಕುವುದಿಲ್ಲ ಎಂದು ಶಪಥ ಮಾಡಿದ್ದು ಒಂದು ಆಯುಧಪೂಜೆಯ ದಿನ. ಮನೆಯಲ್ಲಿರುವ ಯಂತ್ರಗಳಿಗೆಲ್ಲ ಕುಂಕುಮ ಇಡುವಾಗ ರೆಕಾರ್ಡ್ ಪ್ಲೇಯರಿಗೂ ಇಟ್ಟು, ಒಂದು ಸೇವಂತಿಗೆ ಮುಡಿಸಿದ್ದೆ. ಸಂಜೆ ಗಂಡನ ಕಡೆಯ ನೆಂಟರೊಬ್ಬರು ಬಂದರು. ಪ್ರಶ್ನೆ ಬಂತು, ಅದೇ ದನಿಯಲ್ಲಿ. ಹಬ್ಬದ ದಿನ ಬೇಡವೆಂದು ನಾನು ಹಾಡಿನ ರೆಕಾರ್ಡನ್ನೇ ಹಾಕಿದೆ. ಶೀರ್ಷಿಕೆ ಸಂಗೀತ ಶುರುವಾಯಿತು. ಚಿತ್ರ ನೋಡಿದವರಿಗೆ ನೆನಪಿರುತ್ತದೆ: ರೈಲು ಬಂದು ನಿಲ್ಲುತ್ತದೆ, ಪೊಲೀಸ್ ಅಧಿಕಾರಿ ಇಳಿಯುತ್ತಾನೆ, ಇಬ್ಬರು ಕುದುರೆ ಹತ್ತಿ ಹೊರಡುತ್ತಾರೆ, ಬಂಡೆಗಳ ನಡುವೆ ಗಿಟಾರ್ ನಡೆಯುತ್ತದೆ, ಅದರ ಮೇಲೆ ಕೊಂಬಿನ ವಾದ್ಯ ಏಳುತ್ತದೆ. ಒಂದು ಮಾತೂ ಇಲ್ಲದೆ ಊರು, ದೂರ, ಬಿಸಿಲು ಎಲ್ಲವನ್ನೂ ಬರ್ಮನ್ ಕಟ್ಟಿಕೊಡುತ್ತಾರೆ.

ನೆಂಟರಿಗೆ ತಡೆಯಲಾಗಲಿಲ್ಲ. ಎದ್ದರು. ಸೊಂಟದ ಬೆಲ್ಟ್ ಬಿಚ್ಚಿದರು. ಗಬ್ಬರ್ ಮೊದಲ ಬಾರಿ ಕಾಣಿಸುವಾಗ ಬಂಡೆಯ ಮೇಲೆ ಬೆಲ್ಟ್ ಎಳೆಯುತ್ತ ನಡೆಯುತ್ತಾನಲ್ಲ, ಹಾಗೆ ನಮ್ಮ ಕೆಂಪು ಗಾರೆಯ ನೆಲದ ಮೇಲೆ ಎಳೆಯುತ್ತ ಅತ್ತಿಂದಿತ್ತ ನಡೆದರು. ಮಕ್ಕಳು ಚಪ್ಪಾಳೆ ತಟ್ಟಿದರು. ಕಾಲು ಅಪ್ಪಳಿಸಿದ ರಭಸಕ್ಕೆ ಸೂಜಿ ಹಾರಿ ಶೀರ್ಷಿಕೆ ಸಂಗೀತದಿಂದ ನೇರ ಮುಂದಿನ ಹಾಡಿನ ನಡುವಿಗೆ ಬಿತ್ತು. ಅವರು ಎಲ್ಲವನ್ನೂ ಮುಗಿಸಿ, ಬೆವರೊರೆಸಿಕೊಂಡು, ನನ್ನ ಗಂಡನಿಗೆ ಹೇಳಿದರು: "ಹಾಡಿನಲ್ಲಿ ಏನಿದೆ ಬಿಡಿ, ಶೋಲೆ ಅಂದರೆ ಮಾತು." ಬಕಲ್ಲಿನ ಗೆರೆ ನೆಲದ ಮೇಲೆ ಇನ್ನೂ ಇದೆ. ಅರವತ್ತು ವರ್ಷದ ಗಾರೆ, ಈಗ ಅದನ್ನು ತಿದ್ದುವ ಕೆಲಸಗಾರರು ಈ ಊರಿನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಹಾಡಿನಲ್ಲಿ ಏನಿದೆ? ಸರಿ, ನಾನೂ ನ್ಯಾಯವಾಗಿಯೇ ಮಾತಾಡುತ್ತೇನೆ. ಇದು ಬರ್ಮನ್ ಅವರ ಅತ್ಯುತ್ತಮ ಹಾಡುಗಳ ಸಂಪುಟವಲ್ಲ. ಟಾಂಗಾದ ಹಾಡು ಕಿಶೋರ್ ಇಲ್ಲದಿದ್ದರೆ ಸಪ್ಪೆ. ಹೋಳಿ ಹಾಡಿಗೆ ಬೆಲೆ ಬರುವುದು ಅದರ ಬೆನ್ನಿಗೇ ಡಕಾಯಿತರು ನುಗ್ಗುತ್ತಾರೆ ಎಂಬುದರಿಂದ. ಆ ವರ್ಷದ ಫಿಲ್ಮ್‌ಫೇರ್ ಸಂಗೀತ ಪ್ರಶಸ್ತಿ ರಾಜೇಶ್ ರೋಷನ್ ಅವರಿಗೆ ಬೇರೆ ಚಿತ್ರಕ್ಕೆ ಹೋಯಿತು. ಇಷ್ಟು ದೊಡ್ಡ ಶೋಲೆಗೆ ಸಿಕ್ಕಿದ್ದು ಸಂಕಲನಕ್ಕೊಂದು ಪ್ರಶಸ್ತಿ, ಎಂ.ಎಸ್. ಶಿಂದೆ ಅವರಿಗೆ. ಇದನ್ನೆಲ್ಲ ಒಪ್ಪುತ್ತೇನೆ. ಆದರೆ "ಮೆಹಬೂಬಾ" ಹಾಡಿಗೆ ಬರ್ಮನ್ ತಾವೇ ದನಿ ಕೊಟ್ಟು, ಗಾಯಕರಾಗಿ ಜೀವನದಲ್ಲಿ ಒಂದೇ ಒಂದು ಬಾರಿ ಫಿಲ್ಮ್‌ಫೇರ್ ನಾಮನಿರ್ದೇಶನ ಪಡೆದರು. ಗ್ರೀಕ್ ಗಾಯಕ ಡೆಮಿಸ್ ರೂಸೋಸ್ ಅವರ ಹಾಡೊಂದರ ನೆರಳು ಅದರ ಮೇಲೆ ಇರುವುದೂ ನಿಜ. ಹಾಗೆಂದು ಆ ಬಿರುಕು ಗಂಟಲನ್ನು ಎಲ್ಲಿಂದ ಕದಿಯಲು ಸಾಧ್ಯ? ಮತ್ತೆ ಲತಾ ಅವರ "ಜಬ್ ತಕ್ ಹೈ ಜಾನ್". ಆ ಹಾಡಿನಲ್ಲಿ ಬಿಸಿಲಿಗೆ ಕಾದ ಕಲ್ಲು, ಒಡೆದ ಗಾಜು, ನಿಲ್ಲಿಸಿದರೆ ಪ್ರಾಣ ಹೋಗುವ ಕುಣಿತ ಇಷ್ಟೂ ಕಿವಿಗೇ ಕಾಣುತ್ತವೆ.

ಮಾತಿನ ರೆಕಾರ್ಡ್ ಚಿತ್ರದ ಬದಲಿಗೆ ಬಂದದ್ದು. ಚಿತ್ರವೇ ಎಲ್ಲರ ಅಂಗೈಯಲ್ಲಿರುವ ಕಾಲದಲ್ಲಿ ಬದಲಿಯ ಕೆಲಸ ಮುಗಿಯಿತು. ಗಬ್ಬರ್ ಬೇಕಿದ್ದರೆ ಮೊಬೈಲಿನಲ್ಲಿ ನೋಡಿ, ಅಲ್ಲಿ ಮುಖವೂ ಇದೆ. ಹಾಡಿನ ರೆಕಾರ್ಡ್ ಯಾವುದರ ಬದಲಿಗೂ ಬಂದದ್ದಲ್ಲ. ಹಾಡೂ ಮೊಬೈಲಿನಲ್ಲಿ ಸಿಗುತ್ತದಲ್ಲ ಎಂದು ನೀವು ಕೇಳುತ್ತೀರಿ, ಗೊತ್ತು. ಸಿಗುತ್ತದೆ. ನನ್ನ ಮನೆ, ನನ್ನ ಸೂಜಿ. ಬದಲಿ ಸೂಜಿಯ ಬೆಲೆ ಕೇಳಿದರೆ ನೀವೂ ಸವೆದ ಗೆರೆಗಳ ಮೇಲೆ ಅದನ್ನು ಓಡಿಸುವುದಿಲ್ಲ.

ಇನ್ನು ಕೆಲವರದು ಬೇರೆ ತಕರಾರು: "ಕನ್ನಡದವರ ಮನೆಯಲ್ಲಿ ಹಿಂದಿ ರೆಕಾರ್ಡಾ?" ಹೌದು. ಪಕ್ಕದಲ್ಲಿ ನಿಂತಿರುವ ಕನ್ನಡ ರೆಕಾರ್ಡುಗಳು ಎಷ್ಟೆಂದು ಎಣಿಸಿಕೊಂಡು ಆಮೇಲೆ ಬನ್ನಿ. ಅಲ್ಲದೆ ಆ ಚಿತ್ರದ ಊರು ಯಾರದು? ಮೈಸೂರು ರಸ್ತೆಯಲ್ಲಿ ಇಲ್ಲಿಂದ ಐವತ್ತು ಕಿಲೋಮೀಟರ್ ಹೋದರೆ ರಾಮನಗರ. ಹಳೆಯ ಹೆಸರು ಕ್ಲೋಸ್‌ಪೇಟೆ. ಅಲ್ಲಿನ ಬಂಡೆಯನ್ನು ಭೂವಿಜ್ಞಾನಿಗಳು ಈಗಲೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ, ಸುಮಾರು 250 ಕೋಟಿ ವರ್ಷದ ಕಲ್ಲು. ರಾಮದೇವರ ಬೆಟ್ಟದ ಬುಡದಲ್ಲಿ ರಾಮಗಢವೆಂಬ ಉತ್ತರದ ಹಳ್ಳಿಯನ್ನು ಕಟ್ಟಿದರು. 1973ರ ಅಕ್ಟೋಬರಿನಲ್ಲಿ ಚಿತ್ರೀಕರಣ ಶುರುವಾಯಿತು. ವಿಧವೆ ರಾಧಾ ಮುಸ್ಸಂಜೆಯಲ್ಲಿ ದೀಪಗಳ ಹತ್ತಿರ ನಿಂತಿರುವಾಗ ಜೈ ಎದುರುಮನೆಯಿಂದ ಮೌತ್ ಆರ್ಗನ್ ನುಡಿಸುವ ದೃಶ್ಯವಿದೆಯಲ್ಲ, ಆ ಚಿಕ್ಕ ತುಣುಕಿಗೆ ಸುಮಾರು 20 ದಿನ ಹಿಡಿಯಿತು, ಬೇಕಾದ ಬೆಳಕು ದಿನಕ್ಕೆ ಕೆಲವೇ ನಿಮಿಷ ಸಿಗುತ್ತಿದ್ದುದರಿಂದ. ಆ ಮುಸ್ಸಂಜೆ ನಮ್ಮದು. ತೆರೆಯ ಮೇಲೆ ಅಮಿತಾಭ್ ತುಟಿಗಿಟ್ಟದ್ದನ್ನು ನಿಜವಾಗಿ ನುಡಿಸಿದವರು ಬರ್ಮನ್ ತಂಡದ ಗಿಟಾರ್ ವಾದಕ ಭಾನು ಗುಪ್ತ. ಅದು ಹಾಡಲ್ಲವಾದ್ದರಿಂದ ಯಾರೂ ಅದನ್ನು ಹಾಡಿನ ಲೆಕ್ಕಕ್ಕೆ ಸೇರಿಸುವುದಿಲ್ಲ, ಮಾತೂ ಅಲ್ಲವಾದ್ದರಿಂದ ಅನುಕರಿಸುವುದಕ್ಕೂ ಆಗುವುದಿಲ್ಲ. ಬಹುಶಃ ಅದಕ್ಕೇ ಅದು ಕೆಡದೆ ಉಳಿದಿದೆ.

ನಿಜ ಹೇಳಬೇಕೆಂದರೆ ನಾನು ಕಾಯುತ್ತಿರುವ ಪ್ರಶ್ನೆ ಬೇರೆ. ಯಾರಾದರೂ ಒಬ್ಬರು ಬಂದು, "ಶೋಲೆಗೆಂದು ಧ್ವನಿಮುದ್ರಿಸಿ ಶೋಲೆಯಲ್ಲಿ ಬಾರದ ಕವ್ವಾಲಿಯೊಂದಿದೆಯಂತೆ, ಅದನ್ನು ಕೇಳಬಹುದಾ?" ಎನ್ನಲಿ. ನಾನು ಅನ್ನ ಬೇಯಲು ಬಿಟ್ಟು ಬಂದು ಕೂರುತ್ತೇನೆ.

"ಚಾಂದ್ ಸಾ ಕೋಯಿ ಚೆಹರಾ". ಹಾಡಿದವರು ನಾಲ್ವರು: ಕಿಶೋರ್ ಕುಮಾರ್, ಮನ್ನಾ ಡೇ, ಭೂಪಿಂದರ್, ಮತ್ತು ಆನಂದ್ ಬಕ್ಷಿ. ಹೌದು, ಹಾಡು ಬರೆದವರೇ. ಗಾಯಕನಾಗಬೇಕೆಂಬ ಆಸೆ ಹೊತ್ತು ಮುಂಬಯಿಗೆ ಬಂದ ಮನುಷ್ಯ ಅವರು. ಊರು ಅವರ ಸಾಲುಗಳನ್ನು ತೆಗೆದುಕೊಂಡು ದನಿಯನ್ನು ವಾಪಸು ಕೊಟ್ಟಿತು. ಸಾವಿರಾರು ಹಾಡು ಬರೆದರು, ಹಾಡಲು ಸಿಕ್ಕ ಅವಕಾಶಗಳು ಬೆರಳೆಣಿಕೆಯವು. ಇಲ್ಲಿ ಆ ಮೂವರು ಘಟಾನುಘಟಿಗಳ ಪಕ್ಕದಲ್ಲಿ ಕೂತು ಹಾಡಿದ್ದಾರೆ. ಚಪ್ಪಾಳೆ ಏರುತ್ತದೆ, ಒಬ್ಬರ ಸಾಲನ್ನು ಇನ್ನೊಬ್ಬರು ಕಸಿದುಕೊಳ್ಳುತ್ತಾರೆ, ಚಂದ್ರನಂಥ ಮುಖವೊಂದು ಪಕ್ಕದಲ್ಲಿಲ್ಲದ ಮೇಲೆ ಬೆಳದಿಂಗಳಿಗೇನು ರುಚಿ ಎಂದು ಕಾಲೆಳೆಯುತ್ತಾರೆ. ಬಕ್ಷಿಯವರ ದನಿಯಲ್ಲಿ ತರಬೇತಿಯ ನಯವಿಲ್ಲ. ಹಳ್ಳಿಯ ಕಟ್ಟೆಯ ಮೇಲೆ ಕೂತವರೊಬ್ಬರು ಇದ್ದಕ್ಕಿದ್ದಂತೆ ಬಾಯಿ ಹಾಕಿದ ಹಾಗಿದೆ. ನನಗೆ ಇಷ್ಟವಾಗುವುದೇ ಅದು.

ಮೂರು ಗಂಟೆ ಮೀರಿದ ಚಿತ್ರದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಅನ್ಯಾಯವಾಯಿತು ಎಂದು ನಾನು ಹೇಳುತ್ತೇನೆಂದು ಎಣಿಸಿದ್ದರೆ ತಪ್ಪು. ಸಿಪ್ಪಿಯವರ ಜಾಗದಲ್ಲಿ ನಾನಿದ್ದರೂ ತೆಗೆಯುತ್ತಿದ್ದೆ. ಗಬ್ಬರ್ ಬೆಟ್ಟದ ಮೇಲೆ ಕಾಯುತ್ತಿರುವಾಗ ನಾಲ್ವರು ಕೂತು ಬೆಳದಿಂಗಳ ಬಗ್ಗೆ ವಾದ ಮಾಡಿದರೆ ಕಥೆ ಕುಂಟುತ್ತದೆ. ಚಿತ್ರಕ್ಕೆ ಅದು ಬೇಡವಾಗಿತ್ತು. ಕೇಳುವವರಿಗೆ ಬೇಡವೆಂದು ಯಾರು ಹೇಳಿದರು? ತೆರೆಯ ಮೇಲಿನ ಯಾವ ಚಿತ್ರವೂ ಅದಕ್ಕೆ ಅಂಟಿಕೊಂಡಿಲ್ಲ, ಆದ್ದರಿಂದ ಎದ್ದು ನಿಂತು ಅಭಿನಯಿಸಲು ಯಾರಿಗೂ ಏನೂ ಸಿಗುವುದಿಲ್ಲ. ಎಲ್ಲರೂ ಕೂತೇ ಕೇಳಬೇಕು. ಭಾನುವಾರ ನಾಲ್ಕರ ಮೇಲೆ ಬನ್ನಿ. ಬೆಲ್ಟ್ ಕಟ್ಟಿಕೊಂಡೇ ಬರಬಹುದು, ಬಿಚ್ಚುವಂತಿಲ್ಲ. ಮತ್ತು ಪ್ರಶ್ನೆಯನ್ನು ನನ್ನನ್ನೇ ಕೇಳಿ. ಅವರು ಭಾನುವಾರ ಆ ಹೊತ್ತಿಗೆ ಮಲಗಿರುತ್ತಾರೆ.