ಕುದುರೆ ಲಾಳ ಎಲ್ಲಿ ಬಿಡುತ್ತೆ

ಭಾನುವಾರ ಊರಿಂದ ಚಿಕ್ಕಪ್ಪನ ಫೋನ್ ಬಂತು. ಯಾವಾಗಲೂ ಚಳಿ ಹೇಗಿದೆ, ಊಟ ಆಯ್ತಾ, ಯಾವಾಗ ಬರ್ತೀಯ ಅಂತಲೇ ಮಾತು ಶುರುವಾಗುತ್ತೆ. ಈ ಸಲ ಮೊದಲ ಮಾತೇ ಬೇರೆ. "ಆ ನಾಲ ಬಗ್ಗಿತೇನಪಾ?" ರಾಯಚೂರಿನ ನಮ್ಮ ಓಣಿಯಲ್ಲಿ ಈಗ ಎಲ್ಲರಿಗೂ ಈ ಸುದ್ದಿ ಗೊತ್ತು. ಜರ್ಮನಿಗೆ ಹೋದ ಹುಡುಗ ಬರಿಗೈಯಲ್ಲಿ ಕುದುರೆ ಲಾಳ ಬಗ್ಗಿಸ್ತಾನಂತೆ ಅಂತ. ಕೆಲವರು ನಂಬುತ್ತಾರೆ, ಕೆಲವರು ವಿಡಿಯೋ ಕಳಿಸು ಅಂತಾರೆ. ಒಂದಿಬ್ಬರು ಹುಡುಗರು ನಾವೂ ಮಾಡಬೇಕು, ಹೇಗೆ ಹೇಳು ಅಂತ ಕೇಳಿದ್ದಾರೆ. ಅವರಿಗೋಸ್ಕರವೇ ಇದನ್ನ ಬರೀತಿದ್ದೇನೆ.

ನಾನಿರೋದು ಡ್ರೆಸ್ಡೆನ್‌ನಲ್ಲಿ, ಜರ್ಮನಿಯ ಪೂರ್ವ ಭಾಗ. ಚಿಪ್ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ಎಲ್ಬ್ ಹೊಳೆ ಊರಿನ ನಡುವೆ ಹರಿಯುತ್ತೆ. ಸೇತುವೆ ದಾಟಿದರೆ ಚಿನ್ನದ ಬಣ್ಣದ ಕುದುರೆ ಸವಾರನ ಪ್ರತಿಮೆ. ಇಲ್ಲಿಯವರು ಅದನ್ನ ಗೋಲ್ಡನರ್ ರೈಟರ್ ಅಂತಾರೆ. ಸವಾರ ಅಗಸ್ಟಸ್, ಈ ಸೀಮೆಯ ಅಂದರೆ ಸ್ಯಾಕ್ಸನಿಯ ದೊರೆ, 1697ರಲ್ಲಿ ಪೋಲೆಂಡಿಗೂ ರಾಜನಾದವನು. ಜನ ಅವನಿಗಿಟ್ಟ ಹೆಸರು ಬಲಶಾಲಿ ಅಗಸ್ಟಸ್. ಮೊದಲ ವರ್ಷ ನಾನು ದಿನಾ ಆ ಪ್ರತಿಮೆ ಪಕ್ಕದಲ್ಲೇ ನಡೆದು ಹೋಗುತ್ತಿದ್ದೆ. ಹೆಸರು ಯಾಕೆ ಬಂತು ಅಂತ ಕೇಳಿರಲಿಲ್ಲ.

ಮೊದಲ ಡಿಸೆಂಬರ್ ತುಂಬಾ ಕಷ್ಟವಾಗಿತ್ತು. ಸಂಜೆ ನಾಲ್ಕಕ್ಕೆ ಕತ್ತಲು. ಮೇ ತಿಂಗಳಲ್ಲಿ ಕೊಡದ ನೀರೂ ಬಿಸಿಯಾಗೋ ಊರಲ್ಲಿ ಬೆಳೆದ ನನಗೆ ಅಲ್ಲಿ ಮೈಯಷ್ಟೇ ಅಲ್ಲ, ಮಾತೂ ಮರಗಟ್ಟಿದಂತಾಗಿತ್ತು. ರಜೆ ದಿನ ರೂಮಲ್ಲಿ ಕೂರೋಕಾಗದೆ ಅರಮನೆಯ ಮ್ಯೂಸಿಯಂಗೆ ಹೋದೆ, ಒಳಗೆ ಬೆಚ್ಚಗಿರುತ್ತೆ ಅನ್ನೋ ಒಂದೇ ಕಾರಣಕ್ಕೆ. ಅಲ್ಲಿನ ಆಯುಧ ಶಾಲೆಯಲ್ಲಿ ಕತ್ತಿ, ಕವಚ, ಕುದುರೆಗೂ ಕವಚ. ಇವೆಲ್ಲದರ ನಡುವೆ ಒಂದು ಮುರಿದ ಲಾಳ. 1711ರ ಫೆಬ್ರವರಿ 15ರಂದು ಅಗಸ್ಟಸ್ ಬರಿಗೈಯಲ್ಲಿ ಮುರಿದದ್ದಂತೆ. ಮೂರು ನೂರು ವರ್ಷ ಕಾಪಾಡಿಕೊಂಡು ಬಂದಿದ್ದಾರೆ.

ನಾನು ಅಲ್ಲೇ ನಿಂತೆ. ರಾಜ ನೆನಪಾಗಲಿಲ್ಲ ನನಗೆ. ರಾಯಚೂರಿನ ಗಂಜ್ ಹತ್ತಿರ ಬೇವಿನ ಮರದ ಕೆಳಗೆ ಎತ್ತುಗಳಿಗೆ ಲಾಳ ಬಡಿಯುತ್ತಿದ್ದ ನಾಲಬಂದ ಅಜ್ಜ ನೆನಪಾದರು. ಚಿಕ್ಕವನಿದ್ದಾಗ ಅವರ ಸುತ್ತ ಬಿದ್ದಿರುತ್ತಿದ್ದ ಹಳೇ ಲಾಳ, ಸೊಟ್ಟ ಮೊಳೆ ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಆ ಕಬ್ಬಿಣದ ವಾಸನೆ ನನಗೆ ಗೊತ್ತು. ಅದನ್ನ ಮನುಷ್ಯ ಕೈಯಲ್ಲಿ ಮುರಿಯಬಹುದು ಅನ್ನೋದು ಮಾತ್ರ ಗೊತ್ತಿರಲಿಲ್ಲ.

ನನ್ನ ಪಾಳಿಯಲ್ಲಿ ಒಬ್ಬ ಸ್ಯಾಕ್ಸನ್ ಗೆಳೆಯ ಇದ್ದಾನೆ, ಮೊರಿಟ್ಸ್‌ಬುರ್ಗ್ ಕಡೆಯ ಹಳ್ಳಿಯವನು, ಮನೆಯಲ್ಲಿ ಎರಡು ಕುದುರೆ. ಇದನ್ನ ಹೇಳಿದೆ. ಮರುವಾರ ಅವನು ಒಂದು ಚೀಲ ತಂದು ನನ್ನ ಮುಂದಿಟ್ಟ. ಕುದುರೆಗೆ ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಬದಲಿಸಬೇಕು. ಹಾಗಾಗಿ ಹಳೇ ಲಾಳಕ್ಕೆ ಅವರ ಮನೆಯಲ್ಲಿ ಬರವಿಲ್ಲ. ಸವೆದ ಲಾಳದಿಂದ ಶುರು ಮಾಡು, ಹೊಸದಕ್ಕೆ ಈಗಲೇ ಕೈ ಹಾಕಬೇಡ ಅಂದ. ಇವತ್ತಿಗೂ ಅದೇ ಒಳ್ಳೆ ಸಲಹೆ.

ಈಗ ವಿಷಯಕ್ಕೆ ಬರ್ತೀನಿ. ಲಾಳ ನೋಡಿದ ತಕ್ಷಣ ಎಲ್ಲರೂ ಮಾಡೋದು ಒಂದೇ. ಎರಡು ತುದಿ ಹಿಡಿದು ಎರಡೂ ಕಡೆಗೆ ಎಳೆದು ಬಿಚ್ಚೋಕೆ ನೋಡ್ತಾರೆ. ಅದು ಆಗೋದಿಲ್ಲ. ನನ್ನ ಹತ್ತಿರ ಇದ್ದ ಲಾಳದ ಪಟ್ಟಿ 20 ಮಿಲಿಮೀಟರ್ ಅಗಲ, 8 ಮಿಲಿಮೀಟರ್ ದಪ್ಪ. ಬಿಚ್ಚೋಕೆ ಹೋದರೆ ನೀವು ಆ 20ರ ಜೊತೆ ಗುದ್ದಾಡ್ತೀರಿ. ಅದೇ ಲಾಳದ ಒಂದು ತೋಳನ್ನ, ಅಂದರೆ ಒಂದು ಬದಿಯ ಪಟ್ಟಿಯನ್ನ, ಮುಂದಕ್ಕೆ ಒತ್ತಿ ಇನ್ನೊಂದನ್ನ ಹಿಂದಕ್ಕೆ ಹಿಡಿದರೆ, ಅಂದರೆ ಲಾಳ ನೆಲದ ಮೇಲೆ ಚಪ್ಪಟೆಯಾಗಿ ಕೂರದ ಹಾಗೆ ತಿರುಚಿದರೆ, ಗುದ್ದಾಟ 8ರ ಜೊತೆ. ಲೆಕ್ಕ ಹಾಕಿ ನೋಡಿದೆ, ಸುಮಾರು ಎರಡೂವರೆ ಪಟ್ಟು ವ್ಯತ್ಯಾಸ ಬರುತ್ತೆ. ದಪ್ಪದ ಮಾತು ಇನ್ನೂ ಬಿಗಿ. ಅಗಲ ಅಷ್ಟೇ ಇದ್ದು ದಪ್ಪ ಎರಡು ಪಟ್ಟಾದರೆ ಬೇಕಾದ ಬಲ ನಾಲ್ಕು ಪಟ್ಟು. ಜೊತೆಗೆ ಎಲ್ಲರೂ ತಪ್ಪು ತಿಳಿಯೋ ಇನ್ನೊಂದು ಮಾತಿದೆ. ದೊಡ್ಡ ಲಾಳ ಕಷ್ಟ, ಸಣ್ಣದು ಸುಲಭ ಅಂದ್ಕೋತಾರೆ. ಪಟ್ಟಿ ಒಂದೇ ದಪ್ಪ ಇದ್ದರೆ ಸಣ್ಣದೇ ಕಷ್ಟ, ಯಾಕಂದ್ರೆ ಹಿಡಿಯೋ ತೋಳು ಗಿಡ್ಡ. ಬಾವಿ ರಾಟೆಯ ಹಿಡಿಕೆ ಗಿಡ್ಡ ಆದರೆ ಏನಾಗುತ್ತೆ, ಅದೇ ಕತೆ.

ಹಿಡಿಯೋದು ಹೀಗೆ. ಎರಡೂ ತೋಳಿಗೆ ಮೆತ್ತನೆ ಚರ್ಮದ ಪಟ್ಟಿ ಬಿಗಿಯಾಗಿ ಸುತ್ತಬೇಕು. ಇದು ಮೋಸವಲ್ಲ. ಬರಿಗೈಯಲ್ಲಿ ಹಿಡಿದರೆ ಲಾಳದ ಅಂಚು ಅಂಗೈಯನ್ನು ಕತ್ತರಿಸುತ್ತೆ, ಕೈ ನೋವಿಗೆ ಹೆದರಿ ಬಲವನ್ನ ತಾನೇ ತಡೆದುಬಿಡುತ್ತೆ. ಎಡಗೈಯಲ್ಲಿ ಹಿಡಿದ ತೋಳನ್ನ ಎಡ ತೊಡೆಗೆ, ಮಂಡಿಗಿಂತ ಒಂದು ಗೇಣು ಮೇಲೆ ಆನಿಸಬೇಕು. ಬಲಗೈ ಇನ್ನೊಂದು ತೋಳಿನ ತುದಿಯಲ್ಲಿ. ಆಮೇಲೆ ರಟ್ಟೆಯಿಂದ ತಳ್ಳೋದಲ್ಲ, ಹೆಗಲು, ಬೆನ್ನು, ಮೈಯ ಭಾರ ಎಲ್ಲಾ ಆ ಒಂದು ತುದಿಗೆ ಇಳಿಸಬೇಕು. ಅಷ್ಟೂ ಭಾರವನ್ನ ಮಣಿಕಟ್ಟು ಅಲುಗದೆ ದಾಟಿಸಬೇಕು. ಸೋಲೋದು ಅಲ್ಲೇ. ಬೆನ್ನಿಗೆ ಶಕ್ತಿ ಇರುತ್ತೆ, ಮಣಿಕಟ್ಟು ಮಡಚಿಬಿಡುತ್ತೆ.

ನಾನು ಕೆಲವು ತಿಂಗಳು ಮಣಿಕಟ್ಟಿಗೇ ಕೆಲಸ ಕೊಟ್ಟೆ. ಮೊದಲು ಉದ್ದನೆ ಮೊಳೆ ಬಗ್ಗಿಸೋದು, ಆಮೇಲೆ ದಪ್ಪನೆಯವು. ಕಬ್ಬಿಣ ಬಗ್ಗಿಸೋರ ಲೋಕದಲ್ಲಿ ಹೆಸರಾದ ಒಂದು ಮೊಳೆ ಇದೆ. ಅಮೆರಿಕದ ಐರನ್‌ಮೈಂಡ್ ಕಂಪನಿಯದು, ರೆಡ್ ನೇಲ್ ಅಂತಾರೆ, 7 ಇಂಚು ಉದ್ದ, 5/16 ಇಂಚು ದಪ್ಪ. ಅದು ನನಗೆ ಇನ್ನೂ ಆಗಿಲ್ಲ. ಸುತ್ತಿಗೆಯ ಹಿಡಿಕೆಯ ತುದಿ ಹಿಡಿದು ನಿಧಾನಕ್ಕೆ ಎತ್ತಿ ಇಳಿಸೋದು, ಬಕೆಟ್‌ನಲ್ಲಿ ಅಕ್ಕಿ ತುಂಬಿ ಅದರೊಳಗೆ ಕೈ ಹಾಕಿ ಹಿಂಡೋದು, ಬೆರಳಿಗೆ ರಬ್ಬರ್ ಹಾಕಿ ಅಗಲಿಸೋದು. ವಾರಕ್ಕೆ ಎರಡೇ ದಿನ. ಜಾಸ್ತಿ ಮಾಡಿದರೆ ಕೆಡುತ್ತೆ.

ಮೊದಲ ಲಾಳ ಬಗ್ಗಿದ್ದು ಮಾರ್ಚ್‌ನಲ್ಲಿ. ಆ ಗಳಿಗೆ ಹೇಳಲೇಬೇಕು. ಒತ್ತುತ್ತಿರುವಾಗ ಏನೂ ಆಗೋದಿಲ್ಲ. ಒಂದು ಸೆಕೆಂಡು, ಎರಡು, ನಾಲ್ಕು. ಗೋಡೆ ತಳ್ಳಿದ ಹಾಗೆ. ಬಿಟ್ಟುಬಿಡೋಣ ಅಂತ ಮನಸ್ಸು ಹೇಳೋ ಹೊತ್ತಿಗೆ ಕೈಯೊಳಗೆ ಏನೋ ಮೆತ್ತಗಾಯ್ತು. ಸದ್ದೇ ಇಲ್ಲ. ಕಬ್ಬಿಣ ಸ್ವಲ್ಪ ಉಸಿರು ಬಿಟ್ಟ ಹಾಗೆ. ಕೆಳಗಿಟ್ಟು ನೋಡಿದರೆ ಲಾಳ ಮೇಜಿನ ಮೇಲೆ ಕುಂಟುತ್ತಿತ್ತು, ಒಂದು ತೋಳು ಬೆರಳು ತೂರುವಷ್ಟು ಮೇಲೆದ್ದಿತ್ತು. ಲಾಳದ ನೆತ್ತಿ, ಅಂದರೆ ನಡುವಿನ ಬಾಗು, ಮುಟ್ಟಿದೆ, ಬೆಚ್ಚಗಿತ್ತು. ಮತ್ತೆ ಹಿಡಿದು ತಡಮಾಡದೆ ಒತ್ತಿದೆ, ಬಿಸಿ ಏರುತ್ತಾ ಹೋಯಿತು, ಕೊನೆಗೆ ಇಂಗ್ಲಿಷಿನ ಎಸ್ ಅಕ್ಷರದ ಹಾಗಾಯ್ತು. ಹೊರಗೆ ಹಿಮ ಬೀಳ್ತಿತ್ತು, ನಾನು ಬೆವತು ನೆಲದ ಮೇಲೆ ಕೂತಿದ್ದೆ. ಅಮ್ಮನಿಗೆ ಫೋನ್ ಮಾಡಿದೆ. ಊರಲ್ಲಿ ರಾತ್ರಿ ಹನ್ನೊಂದೂವರೆ. ಗಾಬರಿಯಿಂದ ಎತ್ತಿದಳು, ವಿಷಯ ಕೇಳಿ ಸುಮ್ಮನಾಗಿ, "ಕೈಗೆ ಏನೂ ಆಗಿಲ್ಲ ಅಲ್ವಾ?" ಅಂದಳು.

ಅವತ್ತು ಏನೂ ಆಗಿರಲಿಲ್ಲ. ಆಮೇಲೆ ಆಯ್ತು, ನನ್ನ ಆತುರದಿಂದಲೇ. ಹುಮ್ಮಸ್ಸಿನಲ್ಲಿ ವಾರಕ್ಕೆ ಐದು ದಿನ ಒತ್ತೋಕೆ ಶುರು ಮಾಡಿದೆ. ಎಡ ಮಣಿಕಟ್ಟಿನ ಒಳಗೆ ಸಣ್ಣ ಉರಿ ಶುರುವಾಯ್ತು, ಗಮನ ಕೊಡಲಿಲ್ಲ. ಒಂದು ಬೆಳಿಗ್ಗೆ ಚಹಾದ ಪಾತ್ರೆ ಎತ್ತೋಕೆ ಆಗಲಿಲ್ಲ. ನಾಲ್ಕು ತಿಂಗಳು ಲಾಳ ಮುಟ್ಟಲಿಲ್ಲ. ಮಾಂಸ ಬೇಗ ಬಲಿಯುತ್ತೆ, ಅದನ್ನ ಮೂಳೆಗೆ ಕಟ್ಟಿರೋ ನಾರು ನಿಧಾನಕ್ಕೆ ಬಲಿಯುತ್ತೆ. ರಟ್ಟೆ ರೆಡಿ ಅಂದಾಗ ನಾರು ಇನ್ನೂ ರೆಡಿ ಇರೋದಿಲ್ಲ. ಮೆಸೇಜ್ ಮಾಡಿದ ಹುಡುಗರೇ, ದಯವಿಟ್ಟು ಇದನ್ನ ಎರಡು ಸಲ ಓದಿ. ಇನ್ನೊಂದು, ಲಾಳವನ್ನ ಮುಖದ ಹತ್ತಿರ ಇಟ್ಟುಕೊಂಡು ಒತ್ತಬೇಡಿ. ಜಾರಿದರೆ ಹೋಗೋದು ಹಲ್ಲು, ಇಲ್ಲಾ ಕಣ್ಣು.

ಹೋದ ವರ್ಷ ಕಾರ ಹುಣ್ಣಿಮೆಗೆ ಊರಿಗೆ ಬಂದೆ. ರಾಯಚೂರಿನ ಮುಂಗಾರು ಹಬ್ಬ ಬಿಟ್ಟು ಬಹಳ ವರ್ಷ ಆಗಿತ್ತು. ಮುನ್ನೂರು ಕಾಪು ಸಮಾಜದವರು ನಡೆಸೋ ಆ ಮೂರು ದಿನ ನಮ್ಮೂರಿನ ಕಣ್ಣೆಲ್ಲಾ ಕಲ್ಲಿನ ಮೇಲೆಯೇ. ಟನ್‌ಗಟ್ಟಲೆ ತೂಗೋ ಕಲ್ಲನ್ನ ಜೋಡೆತ್ತು ಎಳೀತವೆ. ಮನುಷ್ಯರಿಗೆ ಕಲ್ಲು ಎತ್ತೋದು, ಉಸುಕಿನ ಚೀಲ ಎತ್ತೋದು, ಕುಸ್ತಿ. ಜನ ಹತ್ತಿಗಿಡದ ಹಾಗೆ ಒತ್ತೊತ್ತಾಗಿ ನಿಂತಿರ್ತಾರೆ. ಡ್ರೆಸ್ಡೆನ್ ಗೆಳೆಯನಿಗೆ ವಿಡಿಯೋ ಕಳಿಸಿದೆ. ಜೊತೆಗೆ ನಮ್ಮ ಕೋಟೆ ಗೋಡೆಯಲ್ಲಿರೋ 41 ಅಡಿ ಉದ್ದದ ಕಲ್ಲಿನ ಫೋಟೋ. 1294ರ ಶಾಸನ ಅದರ ಮೇಲಿದೆ. ಆ ಬಂಡೆಯನ್ನ ಬಂಡಿಯ ಮೇಲೆ ಹೇರಿ ಸಾಲು ಸಾಲು ಕೋಣಗಳಿಂದ ಎಳೆಸಿಕೊಂಡು ಬಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಅವನು ತುಂಬಾ ಹೊತ್ತು ಬಿಟ್ಟು ಉತ್ತರ ಬರೆದ. "ನಿಮ್ಮೂರಲ್ಲಿ ಏಳು ನೂರು ವರ್ಷದಿಂದ ಇದೇ ಕೆಲಸ ಅನ್ನು."

ಬ್ಯಾಗಲ್ಲಿ ನಾಲ್ಕು ಲಾಳ ತಂದಿದ್ದೆ. ಹಬ್ಬದ ಹಿಂದಿನ ದಿನ ನಾಲಬಂದ ಅಜ್ಜನ ಹತ್ತಿರ ಹೋದೆ. ಈಗ ಅವರು ದಿನಾ ಕೂರೋದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಕಡಿಮೆ, ಲಾಳ ಬಡಿಸೋರು ಇನ್ನೂ ಕಡಿಮೆ. ಕಲ್ಲು ಎಳೆಯೋ ಎತ್ತುಗಳು ಬಂದಾಗ ಮಾತ್ರ ಕೈಗೆ ಕೆಲಸ. ಎತ್ತಿನ ಗೊರಸು ಸೀಳಿರುತ್ತೆ, ಒಂದು ಕಾಲಿಗೆ ಎರಡು, ಒಟ್ಟು ಎಂಟು ಲಾಳ. ಹಗ್ಗ ಹಾಕಿ ಎತ್ತನ್ನ ಮೆಲ್ಲಗೆ ಕೆಡವಿ, ನಾಲ್ಕೂ ಕಾಲು ಕಟ್ಟಿ, ತಲೆ ಅಲುಗದಂತೆ ಒಬ್ಬರು ಕೊಂಬು ಹಿಡೀಬೇಕು. ಅವರ ಬಲಗೈ ಹೆಬ್ಬೆರಳಿನ ಉಗುರು ಅಡ್ಡಕ್ಕೆ ಸೀಳಿದೆ, ನಾನು ಚಿಕ್ಕವನಿದ್ದಾಗಿನಿಂದಲೂ ಹಾಗೇ. ಮೊಳೆಯನ್ನ ಬಾಯಲ್ಲಿ ಕಚ್ಚಿಕೊಂಡು ಒಂದೊಂದೇ ತೆಗೆದು, ಎರಡೇ ಏಟು, ಮೊಳೆ ಗೊರಸಿನ ಹೊರಗೆ ಮೂಗು ತೋರಿಸುತ್ತೆ. ಒಳಗಿನ ಜೀವಕ್ಕೆ ತಾಗಿದರೆ ಎತ್ತು ಕುಂಟುತ್ತೆ, ಕಲ್ಲು ಎಳೆಯೋ ಮಾತೇ ಇಲ್ಲ.

ನಾನು ತಂದ ಲಾಳ ಕೈಗೆ ಕೊಟ್ಟೆ. ಎತ್ತಿ ತೂಕ ನೋಡಿದರು. ತಿರುಗಿಸಿದರು. ಮೊಳೆ ತೂತಿನಲ್ಲಿ ಉಗುರು ಹಾಕಿದರು. "ಮಿಷಿನ್‌ದು," ಅಂದರು. ಇದನ್ನ ಕೈಯಲ್ಲಿ ಬಗ್ಗಿಸ್ತೀನಿ ಅಜ್ಜ ಅಂದೆ. ನಗಲಿಲ್ಲ ಅವರು. ಸೀಳಿದ ಹೆಬ್ಬೆರಳನ್ನ ಲಾಳದ ಅಂಚಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದು, ನೆತ್ತಿಯ ಪಕ್ಕ ಮೊದಲ ಮೊಳೆ ತೂತಿನ ಹತ್ತಿರ ನಿಲ್ಲಿಸಿ, "ಇಲ್ಲಿ ಬಿಡತೈತಿ ನೋಡು," ಅಂದರು. "ನೀ ತುದೀಗ ಹಿಡದು ನಡೂಕ ಒತ್ತಬ್ಯಾಡ. ಈ ತೂತಿಗೆ ಕೆಲಸ ಕೊಡು."

ಎರಡು ವರ್ಷದಿಂದ ನಾನು ಲಾಳವನ್ನ ಪೂರ್ತಿ ಒಂದೇ ಕಬ್ಬಿಣ ಅಂತ ಒತ್ತುತ್ತಿದ್ದೆ. ತೂತಿರೋ ಕಡೆ ಕಬ್ಬಿಣ ಕಡಿಮೆ, ಅಲ್ಲೇ ಮೊದಲು ಬಿಡುತ್ತೆ ಅನ್ನೋದು ಇಂಜಿನಿಯರಿಂಗ್ ಓದಿದವನಿಗೆ ಹೊಳೆಯಬೇಕಿತ್ತು. ತೊಡೆಗೆ ಆನಿಸೋ ಜಾಗ ಎರಡು ಬೆರಳು ಸರಿಸಿದೆ, ಆ ತೂತು ತೊಡೆಯ ಅಂಚಿಗೆ ಬರೋ ಹಾಗೆ. ಮರದ ಕೆಳಗೆ ಕೂತ ರೈತರು ಬೀಡಿ ಕೆಳಗಿಟ್ಟು ನೋಡ್ತಿದ್ದರು. ನಲವತ್ತು ಡಿಗ್ರಿ ಬಿಸಿಲು, ಅಂಗೈ ಒದ್ದೆ, ಚರ್ಮದ ಪಟ್ಟಿ ಜಾರ್ತಿತ್ತು. ಒಬ್ಬರು ಮಣ್ಣು ತಂದು ಕೈಗೆ ಹಚ್ಚಿದರು, ಕುಸ್ತಿಯವರಿಗೆ ಹಚ್ಚೋ ಹಾಗೆ. ಮೂರನೇ ಒತ್ತಿಗೆ ಬಿಟ್ಟಿತು. ಅಜ್ಜ ತೋರಿಸಿದ ತೂತಿನಲ್ಲೇ.

ಆಮೇಲೆ ಅವರು ಎತ್ತಿನ ಲಾಳ ಒಂದನ್ನ ನನ್ನ ಕೈಗೆ ಹಾಕಿದರು, ಇದನ್ನೂ ನೋಡು ಅಂತ. ಮೂರು ಬೆರಳಗಲದ ತೆಳ್ಳನೆ ತಗಡು. ನೋಡೋಕೆ ಏನೂ ಇಲ್ಲ. ಎಷ್ಟು ಒತ್ತಿದರೂ ಅಲುಗಲಿಲ್ಲ, ಹಿಡಿಯೋಕೆ ತೋಳೇ ಇಲ್ಲ ಅದಕ್ಕೆ. ಬೆರಳ ತುದಿಯಿಂದ ರಕ್ತ ಬಂತು. ಸಾಕು ಬಿಡು ಅಂತ ಅವರೇ ತೆಗೆದುಕೊಂಡರು.

ದೇಹ ದೊಡ್ಡದಿಲ್ಲ, ನನ್ನಿಂದ ಆಗುತ್ತಾ ಅಂತ ಒಬ್ಬ ಹುಡುಗ ಕೇಳಿದ್ದ. ಜೋ ಗ್ರೀನ್‌ಸ್ಟೈನ್ ಅಂತ ಒಬ್ಬರಿದ್ದರು, 1893ರಲ್ಲಿ ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು, ಮೈಟಿ ಆಟಮ್ ಅಂತ ಹೆಸರು. ಐದಡಿ ನಾಲ್ಕಂಗುಲದ ಆಸುಪಾಸು ಎತ್ತರ. ಲಾಳ ಬಗ್ಗಿಸ್ತಿದ್ದರು, ಮೊಳೆಯನ್ನ ಹಲ್ಲಲ್ಲಿ ಕಡೀತಿದ್ದರು. ಅಗಸ್ಟಸ್ ಕೂಡ ದೈತ್ಯನಲ್ಲ, 1.76 ಮೀಟರ್, ನಮ್ಮ ಓಣಿಯಲ್ಲಿ ಅಷ್ಟು ಎತ್ತರದವರು ಹತ್ತು ಜನ ಸಿಗ್ತಾರೆ. ಆಗುತ್ತೆ. ಹಲ್ಲಿನ ಕೆಲಸ ಮಾತ್ರ ಬೇಡ.

ಆದರೆ ಜಿಮ್ ಒಂದನ್ನೇ ನಂಬಬೇಡಿ. ಊರಲ್ಲಿ ಇನ್ನೂ ಕಲ್ಲು ಎತ್ತೋ ಹಿರಿಯರಿದ್ದಾರೆ, ಗರಡಿಯಲ್ಲಿ ಮೈ ಬೆಳೆಸಿದವರಿದ್ದಾರೆ. ಅವರ ಹತ್ತಿರ ಹೋಗಿ ಕೂತು ಕೇಳಿ. ಕೃಷ್ಣದೇವರಾಯ ಬೆಳಗಾಗೋ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನ ಭಾರವಾದ ಗುಂಡುಗಳನ್ನ ಎತ್ತುತ್ತಿದ್ದ, ಎಣ್ಣೆ ಬೆವರಾಗಿ ಇಳಿಯೋವರೆಗೆ ಕತ್ತಿ ಬೀಸಿ ಆಮೇಲೆ ಕುಸ್ತಿ ಆಡ್ತಿದ್ದ ಅಂತ ಪೋರ್ಚುಗೀಸ್ ಪ್ರವಾಸಿ ಪಾಯಸ್ ಬರೆದಿಟ್ಟಿದ್ದಾನೆ. ಆ ರಾಜ 1520ರಲ್ಲಿ ಗೆದ್ದದ್ದು ನಮ್ಮ ರಾಯಚೂರನ್ನೇ. ಇಲ್ಲಿ ಡ್ರೆಸ್ಡೆನ್‌ನಲ್ಲಿ ಜನ ಮುರಿದ ಲಾಳಕ್ಕೆ ಅರಮನೆಯಲ್ಲಿ ಜಾಗ ಕೊಟ್ಟಿದ್ದಾರೆ. ನಮ್ಮ ನಾಲಬಂದ ಅಜ್ಜನ ಚಿಮಟ, ಸುತ್ತಿಗೆ, ಮೊಳೆ ಡಬ್ಬಿ ನಾಳೆ ಯಾರ ಕೈಗೆ ಹೋಗುತ್ತೆ ಅಂತ ಯೋಚಿಸಿದರೆ ನನಗೆ ನಿದ್ದೆ ಬರೋದಿಲ್ಲ. ಅವರ ಮಗ ಬೆಂಗಳೂರಲ್ಲಿ ಡ್ರೈವರ್.

ಅವತ್ತು ಬಗ್ಗಿಸಿದ ಲಾಳ ಅವರೇ ಇಟ್ಟುಕೊಂಡರು, ಕುಲುಮೆಗೆ ಹಾಕಿ ಸರಿ ಮಾಡ್ತೀನಿ ಅಂತ. ನನಗೆ ಆ ಎತ್ತಿನ ಲಾಳ ಕೊಟ್ಟರು. ಅದೀಗ ಡ್ರೆಸ್ಡೆನ್‌ನ ಅಡುಗೆಮನೆ ಕಿಟಕಿಯಲ್ಲಿದೆ. ಮೇಜಿನ ಮೇಲೆ ಹೊಸ ಲಾಳವೊಂದಿದೆ, ಸವೆಯದ್ದು, ಡಚ್ ಕಂಪನಿ ಕೆರ್ಕಾರ್ಟ್‌ದು. ಮೂರು ವಾರದಿಂದ ಮಂಗಳವಾರ, ಶುಕ್ರವಾರ ಒತ್ತುತ್ತಿದ್ದೇನೆ. ತೂತು ತೊಡೆಯ ಅಂಚಿಗೆ ಬರೋ ಹಾಗೇ ಹಿಡೀತೀನಿ. ಇನ್ನೂ ಬಿಟ್ಟಿಲ್ಲ ಚಿಕ್ಕಪ್ಪ. ಅಜ್ಜನಿಗೂ ಹೇಳಿಬಿಡು.